ಒಲೆಯ ಉರಿ ನೀಲಿಯಾಗಿದೆಯೇ? ಒಮ್ಮೆ ಬಗ್ಗಿ ನೋಡಿ!

"ರೀ, ಈ ಸಲ ಸಿಲಿಂಡರ್ ಎಷ್ಟು ಬೇಗ ಖಾಲಿಯಾಯ್ತು ಅಂತೀರಿ!"

"ನಮ್ಮನೇಲೂ ಅಷ್ಟೇ ಕಣ್ರೀ. ಸಾಲದು ಅಂತ ಪಾತ್ರೆ ತಳವೆಲ್ಲ ಮಸಿ. ಉಜ್ಜಿ ಉಜ್ಜಿ ಕೈ ಬಿದ್ದುಹೋಯ್ತು."

ತರಕಾರಿ ಗಾಡಿಯ ಮುಂದೆ, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಇಂಥ ಮಾತು ಕೇಳಿಬರುತ್ತಲೇ ಇರುತ್ತದೆ. ಗ್ಯಾಸ್ ಬೇಗ ಮುಗಿದರೆ ಏಜೆನ್ಸಿಯವರನ್ನು ಬೈಯುತ್ತೇವೆ. ಪಾತ್ರೆ ಕಪ್ಪಾದರೆ ಪಾತ್ರೆ ತೊಳೆಯುವವಳನ್ನು ಬೈಯುತ್ತೇವೆ. ಆದರೆ ಈ ಎರಡಕ್ಕೂ ಕಾರಣ ನಮ್ಮ ಕಣ್ಣೆದುರಿಗೇ ಉರಿಯುತ್ತಿರುತ್ತದೆ! ಹೌದು, ಒಲೆಯ ಉರಿಯ ಬಣ್ಣವನ್ನು ನಾವು ಗಮನಿಸುವುದೇ ಇಲ್ಲ.

ಉರಿ ಹಳದಿಯಾಗಿದ್ದರೆ ನಷ್ಟ ಗ್ಯಾಸಿನದ್ದಷ್ಟೇ ಅಲ್ಲ. ಅರ್ಧಂಬರ್ಧ ಉರಿದ ಅನಿಲ ಮಸಿಯಾಗುತ್ತದೆ, ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವೂ ಹೊರಬೀಳುತ್ತದೆ. ದಿನಕ್ಕೆ ಮೂರು ನಾಲ್ಕು ಗಂಟೆ ಒಲೆ ಮುಂದೆ ನಿಲ್ಲುವವರು ಯಾರು? ನೀವೇ ತಾನೆ? ಹಾಗಾಗಿ ಈ ವಿಷಯ ಸ್ವಲ್ಪ ನಿಧಾನವಾಗಿ ಓದಿ.

ಉರಿಯ ಬಣ್ಣ ಏನು ಹೇಳುತ್ತೆ?

ಬೆಳಗ್ಗೆ ಕಾಫಿಗೆ ಹಾಲಿಡುವ ಮುಂಚೆ ಅಡುಗೆಮನೆ ಲೈಟ್ ಆರಿಸಿ, ಫ್ಯಾನ್ ನಿಲ್ಲಿಸಿ, ಪಾತ್ರೆ ಇಡದೆ ಬರ್ನರ್ ಹಚ್ಚಿ. ಎರಡು ನಿಮಿಷ ಸುಮ್ಮನೆ ನೋಡಿ.

* ಉರಿ ತಿಳಿನೀಲಿಯಾಗಿದ್ದು, ಪ್ರತಿ ತೂತಿನ ಬಳಿ ಪುಟ್ಟ ಮೊಗ್ಗಿನಂತೆ ಸ್ಪಷ್ಟವಾಗಿ ನಿಂತಿದ್ದರೆ ಒಲೆ ಆರೋಗ್ಯವಾಗಿದೆ.

* ಉರಿಯ ತುದಿ ಹಳದಿಯಾಗಿ, ಉದ್ದಕ್ಕೆ ಸೋಮಾರಿಯಂತೆ ತೂಗಾಡುತ್ತಿದ್ದರೆ ಗಾಳಿ ಸಾಲುತ್ತಿಲ್ಲ ಎಂದರ್ಥ. ಪಾತ್ರೆಗೆ ಮಸಿ ಹಿಡಿಸುವ ಉರಿ ಇದೇ.

* ಉರಿ ಬರ್ನರ್ ಬಿಟ್ಟು ಮೇಲಕ್ಕೆ ಹಾರಿದಂತಾಗಿ, ಬುಸುಗುಟ್ಟುತ್ತಾ ಆಗಾಗ ಆರಿಹೋಗುತ್ತಿದ್ದರೆ ಗಾಳಿ ಜಾಸ್ತಿಯಾಗಿದೆ, ಇಲ್ಲವೇ ಗ್ಯಾಸಿನ ಒತ್ತಡ ಹೆಚ್ಚಾಗಿದೆ.

* ಸಿಮ್ ಮಾಡಿದ ಕೂಡಲೇ 'ಟಪ್' ಅಂತ ಸದ್ದಾಗಿ ಉರಿ ಒಳಕ್ಕೆ ಹೋಗಿ, ಕೆಳಗಿನ ಕೊಳವೆಯಲ್ಲೇ ಉರಿಯತೊಡಗಿದರೆ ತಕ್ಷಣ ನಾಬ್ ಆಫ್ ಮಾಡಿ. ಬರ್ನರಿನ ಮುಚ್ಚಳ ಸರಿಯಾಗಿ ಕೂತಿಲ್ಲ, ಕೊಳವೆಯಲ್ಲಿ ಕಸ ಇದೆ ಅಥವಾ ಗಾಳಿ ಅತಿಯಾಗಿದೆ.

* ನೀಲಿ ಉರಿಯ ನಡುವೆ ಅಲ್ಲಲ್ಲಿ ಕಿತ್ತಳೆ ಬಣ್ಣದ ಕಿಡಿ ಬಂದು ಹೋದರೆ ಗಾಬರಿ ಬೇಡ. ಉಪ್ಪಿನ ಕಣವೋ ಧೂಳೋ ಬಿದ್ದಿರುತ್ತದೆ. ಉಪ್ಪಿನಲ್ಲಿರುವ ಸೋಡಿಯಂ ಉರಿಗೆ ಸಿಕ್ಕರೆ ಹಳದಿ ಬಣ್ಣ ಕೊಡುತ್ತದೆ. ಸಾರು ಉಕ್ಕಿದ ಮೇಲೆ ಹೀಗಾಗುವುದು ಸಹಜ. ಒರೆಸಿದರೆ ಹೋಗುತ್ತದೆ.

ಊದುಗೊಳವೆಯ ಕೆಲಸ ಈಗ ಯಾರದ್ದು?

ಅಜ್ಜಿಯ ಕಾಲದ ಸೌದೆ ಒಲೆ ನೆನಪಿದೆಯಾ? ಹೊಗೆ ಎದ್ದರೆ ಅಜ್ಜಿ ಊದುಗೊಳವೆ ತೆಗೆದುಕೊಂಡು ಫೂ... ಅಂತ ಊದುತ್ತಿದ್ದರು. ಹೊಗೆ ಹೋಗಿ ಉರಿ ಭಗ್ಗನೆ ಏಳುತ್ತಿತ್ತು. ಗಾಳಿ ಸಿಕ್ಕರೆ ಉರಿ, ಗಾಳಿ ಸಿಗದಿದ್ದರೆ ಹೊಗೆ. ಗ್ಯಾಸ್ ಒಲೆಗೂ ಇದೇ ನಿಯಮ.

ನಮ್ಮ ಸಿಲಿಂಡರಿನಲ್ಲಿರುವುದು ಪ್ರೊಪೇನ್ ಮತ್ತು ಬ್ಯುಟೇನ್ ಎಂಬ ಅನಿಲಗಳ ಮಿಶ್ರಣ. ಒಂದು ಪಾಲು ಅನಿಲ ಪೂರ್ತಿ ಉರಿಯಬೇಕಾದರೆ ಸುಮಾರು 25ರಿಂದ 30 ಪಾಲು ಗಾಳಿ ಬೇಕು! ಇಷ್ಟು ಗಾಳಿ ಎಲ್ಲಿಂದ ಬರುತ್ತದೆ? ನಾಬ್ ತಿರುಗಿಸಿದಾಗ ಹಿತ್ತಾಳೆಯ ಜೆಟ್‌ನ ಪುಟ್ಟ ತೂತಿನಿಂದ ಗ್ಯಾಸ್ ರಭಸವಾಗಿ ನುಗ್ಗುತ್ತದೆ. ಆ ರಭಸಕ್ಕೆ ಅಕ್ಕಪಕ್ಕದ ಗಾಳಿಯನ್ನೂ ಎಳೆದುಕೊಂಡು ಕೊಳವೆಯೊಳಗೆ ಹೋಗುತ್ತದೆ. ಅಲ್ಲಿ ಎರಡೂ ಬೆರೆತು ಬರ್ನರಿನ ತೂತುಗಳಿಂದ ಹೊರಬರುತ್ತವೆ. ಉಳಿದ ಗಾಳಿ ಉರಿಯ ಸುತ್ತಲಿಂದ ಸಿಗುತ್ತದೆ. ಈ ದಾರಿಯಲ್ಲಿ ಎಲ್ಲಿ ಅಡ್ಡಿಯಾದರೂ ಉರಿ ಹಳದಿಯಾಗುತ್ತದೆ. ಅಷ್ಟೇ ಗುಟ್ಟು!

ಮೊದಲು ಬರ್ನರ್ ಸ್ನಾನ

ನೂರಕ್ಕೆ ನೂರು ಮನೆಯಲ್ಲೂ ಮೊದಲು ಮಾಡಬೇಕಾದ ಕೆಲಸ ಇದು. ಉಕ್ಕಿದ ಹಾಲು, ಅನ್ನದ ಗಂಜಿ, ಒಗ್ಗರಣೆಯ ಎಣ್ಣೆ ಎಲ್ಲ ಸೇರಿ ತೂತುಗಳು ಮುಚ್ಚಿರುತ್ತವೆ.

* ರೆಗ್ಯುಲೇಟರ್ ಆಫ್ ಮಾಡಿ. ಒಲೆ ಪೂರ್ತಿ ತಣ್ಣಗಾಗಲಿ.

* ಬರ್ನರಿನ ಮುಚ್ಚಳ ತೆಗೆದು, ಪಾತ್ರೆ ತೊಳೆಯುವ ಸೋಪು ಹಾಕಿದ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿ. ಹಿತ್ತಾಳೆಯದ್ದಾದರೆ ಹುಣಸೆಹಣ್ಣಿನ ನೀರಿನಲ್ಲೂ ನೆನೆಸಬಹುದು. ಅಲ್ಯೂಮಿನಿಯಂ ಬರ್ನರಿಗೆ ಹುಳಿ ಬೇಡ, ತಿಂದುಬಿಡುತ್ತದೆ.

* ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ. ಕಟ್ಟಿಕೊಂಡ ತೂತುಗಳನ್ನು ಪೊರಕೆಕಡ್ಡಿಯಿಂದ ಬಿಡಿಸಿ.

* ಚೆನ್ನಾಗಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಬಿಸಿಲಿಗಿಡಿ. ತೂತಿನೊಳಗೆ ನೀರಿದ್ದರೆ ಉರಿ ಒಂದೇ ಸಮ ಬರುವುದಿಲ್ಲ, ಟಪಟಪ ಅನ್ನುತ್ತದೆ.

* ವಾಪಸ್ ಇಡುವಾಗ ಮುಚ್ಚಳ ಅಲುಗಾಡದಂತೆ ತನ್ನ ಜಾಗದಲ್ಲೇ ಕೂರಬೇಕು. ಚಿಕ್ಕ ಬರ್ನರಿನದ್ದು ಚಿಕ್ಕದಕ್ಕೆ, ದೊಡ್ಡದರದ್ದು ದೊಡ್ಡದಕ್ಕೆ.

ಹದಿನೈದು ದಿನಕ್ಕೊಮ್ಮೆ ಇಷ್ಟು ಮಾಡಿದರೆ ಅರ್ಧಕ್ಕರ್ಧ ತೊಂದರೆ ಇಲ್ಲೇ ಮುಗಿಯುತ್ತದೆ.

ಬೇಸಿಗೆ ರಜೆಗೆ ಮಕ್ಕಳನ್ನು ಕರೆದುಕೊಂಡು ತಿಂಗಳುಗಟ್ಟಲೆ ತವರಿಗೆ ಹೋಗಿ ಬಂದಿದ್ದೀರಾ? ಹಾಗಾದರೆ ಇನ್ನೊಂದು ಅನುಮಾನ ಇಟ್ಟುಕೊಳ್ಳಿ. ಒಲೆ ಸುಮ್ಮನಿದ್ದಾಗ ಕೆಳಗಿನ ಕೊಳವೆಯೊಳಗೆ ಜೇಡ ಬಲೆ ಕಟ್ಟುತ್ತದೆ, ಪುಟ್ಟ ಜಿರಳೆ ಸೇರಿಕೊಳ್ಳುತ್ತದೆ. ಹೋಗುವಾಗ ಚೆನ್ನಾಗಿದ್ದ ಉರಿ ಬಂದ ಮೇಲೆ ಹಳದಿಯಾಗಿದ್ದರೆ ಬಹಳ ಸಲ ಇದೇ ಕಾರಣ. ಕೊಳವೆಯನ್ನು ಬಾಟಲಿ ತೊಳೆಯುವಂಥ ಉದ್ದನೆಯ ಬ್ರಷ್‌ನಿಂದ ಶುಚಿ ಮಾಡಿಸಿ.

ಗಾಳಿಯ ಬಿಲ್ಲೆ ಎಲ್ಲಿದೆ ಗೊತ್ತೇ?

ಬರ್ನರ್ ತೊಳೆದರೂ ಉರಿ ಹಳದಿಯಾಗೇ ಇದೆಯೇ? ಹಾಗಾದರೆ ಮುಂದಿನ ಹೆಜ್ಜೆ ಗಾಳಿ ಹೊಂದಿಸುವುದು. ಎಷ್ಟೋ ಸ್ಟೀಲ್ ಒಲೆಗಳಲ್ಲಿ, ನಾಬ್‌ನ ಹಿಂದೆ ಜೆಟ್ ಕೂರುವ ಜಾಗದಲ್ಲಿ, ಕೊಳವೆಯ ಬಾಯಿಗೆ ಒಂದು ತೆಳು ಬಿಲ್ಲೆ ಅಥವಾ ಬಳೆಯಂಥ ತಗಡು ಇರುತ್ತದೆ. ಅದನ್ನು ತಿರುಗಿಸಿದರೆ ಗಾಳಿ ಹೋಗುವ ಕಿಂಡಿ ದೊಡ್ಡದೋ ಚಿಕ್ಕದೋ ಆಗುತ್ತದೆ. ಗಾಜಿನ ಮೇಲ್ಮೈ ಇರುವ ಹಲವು ಒಲೆಗಳಲ್ಲಿ ಇದು ಕಾರ್ಖಾನೆಯಲ್ಲೇ ಗಟ್ಟಿಯಾಗಿ ಕೂರಿಸಿರುತ್ತಾರೆ, ತಿರುಗುವುದಿಲ್ಲ. ಅಂಥದ್ದನ್ನು ಬಲವಂತ ಮಾಡಿ ತಿರುಗಿಸಲು ಹೋಗಬೇಡಿ.

ತಿರುಗುವಂಥದ್ದಾದರೆ, ರೆಗ್ಯುಲೇಟರ್ ಆಫ್ ಮಾಡಿ, ಒಲೆ ತಣ್ಣಗಿದ್ದಾಗ ಬಿಲ್ಲೆಯ ಸ್ಕ್ರೂ ಸಡಿಲಿಸಿ ಒಂದು ಕೂದಲೆಳೆಯಷ್ಟು ಮಾತ್ರ ತಿರುಗಿಸಿ. ಸ್ಕ್ರೂ ಬಿಗಿ ಮಾಡಿ, ಒಲೆ ಹಚ್ಚಿ ಉರಿ ನೋಡಿ. ಹಳದಿ ಇದ್ದರೆ ಕಿಂಡಿ ಇನ್ನಷ್ಟು ತೆರೆಯಬೇಕು. ಉರಿ ಹಾರುತ್ತಿದ್ದರೆ ಸ್ವಲ್ಪ ಮುಚ್ಚಬೇಕು. ಹಳದಿ ತುದಿ ಮಾಯವಾಗಿ, ಉರಿ ಬರ್ನರಿಗೆ ಅಂಟಿಕೊಂಡು ನಿಂತ ಜಾಗವೇ ಸರಿಯಾದ ಜಾಗ. ಆಮೇಲೆ ಸಿಮ್‌ನಲ್ಲೂ ನೋಡಿ, ಪೂರ್ತಿ ದೊಡ್ಡ ಉರಿಯಲ್ಲೂ ನೋಡಿ. ಎರಡರಲ್ಲೂ ಆರದೆ ನೀಲಿಯಾಗಿ ಉರಿದರೆ ಗೆದ್ದಿರಿ!

ಒಲೆ ಬೋರಲು ಹಾಕೋದು, ಸ್ಕ್ರೂ ಬಿಚ್ಚೋದು ನಮ್ಮ ಕೈಲಿ ಆಗಲ್ಲಪ್ಪಾ ಎನ್ನುವವರು ಏಜೆನ್ಸಿಯ ಮೆಕ್ಯಾನಿಕ್ ಕರೆಸಿ. ಆದರೆ ಪಕ್ಕದಲ್ಲಿ ನಿಂತು ಏನು ಮಾಡುತ್ತಾನೆ ಅಂತ ನೋಡಿ. ಅವನು ಹೋಗುವ ಮುಂಚೆ ಎರಡೂ ಬರ್ನರ್ ಹಚ್ಚಿಸಿ ಬಣ್ಣ ನೋಡಿ, ಆಮೇಲೆ ದುಡ್ಡು ಕೊಡಿ.

ಜೆಟ್‌ಗೆ ಪಿನ್ನು ಚುಚ್ಚಬೇಡಿ

ಪಂಪ್ ಸ್ಟೌ ಬಳಸಿದ ಹಿರಿಯರಿಗೆ ಪಿನ್ನು ಗೊತ್ತು. ಸೀಮೆಎಣ್ಣೆ ಸ್ಟೌ ಭರ್ ಅನ್ನದಿದ್ದರೆ ನಿಪ್ಪಲ್‌ಗೆ ಪಿನ್ನು ಹಾಕುವುದು ಆಗ ದಿನನಿತ್ಯದ ಕೆಲಸ. ಆ ಪಿನ್ನು ಆ ತೂತಿಗೆಂದೇ ಮಾಡಿದ್ದಾಗಿತ್ತು. ಗ್ಯಾಸ್ ಒಲೆಯ ಜೆಟ್ ಹಾಗಲ್ಲ. ಅದು ಮೆತ್ತನೆಯ ಹಿತ್ತಾಳೆ. ಸೂಜಿ, ಸೇಫ್ಟಿ ಪಿನ್ನು ಚುಚ್ಚಿದರೆ ತೂತು ಹಿಗ್ಗುತ್ತದೆ ಅಥವಾ ಓರೆಯಾಗುತ್ತದೆ. ಗ್ಯಾಸ್ ಹೆಚ್ಚು ಬರುತ್ತದೆ, ಆದರೆ ಗಾಳಿ ಅಷ್ಟೇ ಇರುತ್ತದೆ. ಉರಿ ದೊಡ್ಡದಾಗಿ ಕಾಣಿಸುತ್ತದೆ, 'ಆಹಾ, ಸರಿಹೋಯ್ತು' ಅಂದುಕೊಳ್ಳುತ್ತೇವೆ. ನಿಜದಲ್ಲಿ ಅದು ಹಳದಿ ಉರಿ, ಗ್ಯಾಸ್ ಪೋಲು.

ಬೀದಿಯಲ್ಲಿ "ಗ್ಯಾಸ್ ಸ್ಟೌ ರಿಪೇರೀ..." ಅಂತ ಕೂಗಿಕೊಂಡು ಬರುವವರಲ್ಲಿ ಕೆಲವರು ಇದೇ ಉಪಾಯ ಮಾಡುತ್ತಾರೆ. ಜೆಟ್ ಕೆಟ್ಟಿದ್ದರೆ ಚುಚ್ಚಿಸಬೇಡಿ, ಅದೇ ಅಳತೆಯ ಹೊಸ ಜೆಟ್ ಹಾಕಿಸಿ. ಅದೇನೂ ಭಾರಿ ಖರ್ಚಿನ ಬಾಬ್ತಲ್ಲ.

ಪೈಪ್ ಗ್ಯಾಸ್ ಬಂತೇ?

ಬೆಂಗಳೂರಿನ ಎಷ್ಟೋ ಬಡಾವಣೆಗಳಿಗೆ ಈಗ ಕೊಳವೆ ಮೂಲಕ ಗ್ಯಾಸ್ ಬರುತ್ತಿದೆ. ಇದು ಸಿಲಿಂಡರಿನ ಗ್ಯಾಸ್ ಅಲ್ಲ, ನೈಸರ್ಗಿಕ ಅನಿಲ. ಇದರ ಒತ್ತಡವೂ ಗುಣವೂ ಬೇರೆ. ಹಾಗಾಗಿ ಹಳೆಯ ಒಲೆಯನ್ನು ಹಾಗೇ ಜೋಡಿಸಿದರೆ ಉರಿ ಸಣಕಲಾಗುತ್ತದೆ. ಪೈಪ್ ಗ್ಯಾಸಿಗೆ ದೊಡ್ಡ ತೂತಿನ ಜೆಟ್ ಬೇಕು. ಕಂಪನಿಯವರೇ ಬಂದು ಬದಲಿಸಿಕೊಡುತ್ತಾರೆ.

ಎಚ್ಚರ ಬೇಕಾದ್ದು ಇದರ ಉಲ್ಟಾ ಆದಾಗ. ಪೈಪ್ ಗ್ಯಾಸಿನ ಮನೆ ಬಿಟ್ಟು ಸಿಲಿಂಡರ್ ಇರುವ ಬಾಡಿಗೆ ಮನೆಗೆ ಹೋದಿರಿ ಅನ್ನಿ. ದೊಡ್ಡ ಜೆಟ್ ಇರುವ ಅದೇ ಒಲೆ ಸಿಲಿಂಡರಿಗೆ ಜೋಡಿಸಿದರೆ ಉದ್ದುದ್ದ ಹಳದಿ ಉರಿ ಏಳುತ್ತದೆ, ಅಪಾಯವೂ ಹೌದು. ಮನೆ ಬದಲಿಸಿದಾಗ ಹಾಲುಕ್ಕಿಸುವ ಮುಂಚೆ ಜೆಟ್ ಬದಲಿಸಿ!

ಒಲೆ ಚೆನ್ನಾಗಿದೆ, ಆದರೂ ಮಸಿ?

ಕೆಲವು ಸಲ ತಪ್ಪು ಒಲೆಯದ್ದಲ್ಲ, ನಾವು ಬಳಸುವ ರೀತಿಯದ್ದು.

* ಒಲೆ ಗಲೀಜಾಗಬಾರದು ಅಂತ ಬರ್ನರ್ ಸುತ್ತ ಅಲ್ಯೂಮಿನಿಯಂ ಫಾಯಿಲ್ ಹೊದಿಸುತ್ತೇವೆ, ಒಲೆ ಕೆಳಗೆ ಪೇಪರ್ ತುರುಕುತ್ತೇವೆ. ಗಾಳಿ ಬರುವ ದಾರಿಯೇ ಬಂದ್. ಪೇಪರ್‌ಗೆ ಬೆಂಕಿ ಹತ್ತುವ ಭಯ ಬೇರೆ.

* ಪಾತ್ರೆ ಇಡುವ ಸ್ಟ್ಯಾಂಡ್ ತೆಗೆದು, ಪಾತ್ರೆ ನೇರವಾಗಿ ಬರ್ನರ್ ಮೇಲೆ ಇಟ್ಟರೆ ಉರಿ ಉಸಿರು ಕಟ್ಟಿದಂತಾಗುತ್ತದೆ. ಸ್ಟ್ಯಾಂಡಿನ ಕಾಲು ಸವೆದು ಕುಗ್ಗಿದ್ದರೂ ಅಷ್ಟೇ, ಬದಲಿಸಿ.

* ಪುಟ್ಟ ಹಾಲಿನ ಪಾತ್ರೆಗೆ ದೊಡ್ಡ ಉರಿ ಬೇಡ. ಪಾತ್ರೆಯ ಪಕ್ಕದಿಂದ ಮೇಲೇರುವ ಉರಿ ಬಿಸಿ ಮಾಡುವುದು ನಿಮ್ಮನ್ನು, ಹಾಲನ್ನಲ್ಲ.

* ಸಿಲಿಂಡರ್ ಮುಗಿಯುತ್ತಾ ಬಂದಾಗ ಉರಿ ಸೋತು ಸ್ವಲ್ಪ ಹಳದಿಯಾಗುವುದುಂಟು. ಹೊಸದು ಹಾಕಿದ ಮೇಲೂ ಹಾಗೇ ಇದ್ದರೆ ಮಾತ್ರ ಒಲೆಯನ್ನು ಅನುಮಾನಿಸಿ. ಆ ಕೊನೆಯ ಗ್ಯಾಸಿಗಾಗಿ ಸಿಲಿಂಡರ್ ಮಲಗಿಸುವುದು, ಬೋರಲು ಹಾಕುವುದು, ಬಿಸಿನೀರಿನಲ್ಲಿ ನಿಲ್ಲಿಸುವುದು ಖಂಡಿತ ಬೇಡ. ಅನಿಲದ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗಿದರೆ ದೊಡ್ಡ ಅನಾಹುತ.

ಕಾಣದ ವಿಷ, ವಾಸನೆ ಇಲ್ಲದ ವಿಷ

ಇಲ್ಲಿ ಒಂದು ಮಾತು ಮನಸ್ಸಿಗೆ ಹಚ್ಚಿಕೊಳ್ಳಿ. ಗ್ಯಾಸ್ ಸೋರಿದರೆ ಕೊಳೆತ ಎಲೆಕೋಸಿನಂಥ ವಾಸನೆ ಬರುತ್ತದಲ್ಲ, ಅದು ನಮ್ಮನ್ನು ಎಚ್ಚರಿಸಲೆಂದೇ ಬೆರೆಸಿದ ವಾಸನೆ. ಆದರೆ ಅರ್ಧ ಉರಿದ ಗ್ಯಾಸಿನಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ರಕ್ತದಲ್ಲಿ ಆಮ್ಲಜನಕ ಹೊತ್ತೊಯ್ಯುವ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟು ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಸುಸ್ತು ಇದರ ಲಕ್ಷಣ. 'ಬಿಪಿ ಲೋ ಆಗಿರಬೇಕು', 'ಊಟ ತಡವಾಯ್ತಲ್ಲ, ಪಿತ್ತ' ಅಂತ ನಾವು ಸುಮ್ಮನಾಗಿಬಿಡುತ್ತೇವೆ.

ಅಡುಗೆಮನೆಗಿಂತ ಹೆಚ್ಚು ಅಪಾಯ ಇರುವುದು ಬಚ್ಚಲುಮನೆಯಲ್ಲಿ. ಪುಟ್ಟ ಬಾತ್‌ರೂಮಿನೊಳಗೆ ಗ್ಯಾಸ್ ಗೀಸರ್, ಚಳಿಗೆಂದು ಮುಚ್ಚಿದ ಕಿಟಕಿ, ಒಬ್ಬರಾದ ಮೇಲೊಬ್ಬರ ಸ್ನಾನ. ಗೀಸರ್ ಉರಿಯುತ್ತಾ ಕೋಣೆಯ ಆಮ್ಲಜನಕ ಮುಗಿಸುತ್ತದೆ. ಗಾಳಿ ಕಡಿಮೆಯಾದಂತೆ ವಿಷಾನಿಲ ಹೆಚ್ಚುತ್ತದೆ. ಸ್ನಾನಕ್ಕೆ ಹೋದವರು ಅಲ್ಲೇ ಕುಸಿದು ಜೀವ ಬಿಟ್ಟ ಘಟನೆಗಳು ನಮ್ಮ ರಾಜ್ಯದಲ್ಲೂ ಮತ್ತೆ ಮತ್ತೆ ವರದಿಯಾಗಿವೆ. ವೈದ್ಯರು ಇದಕ್ಕೆ 'ಗ್ಯಾಸ್ ಗೀಸರ್ ಸಿಂಡ್ರೋಮ್' ಎಂಬ ಹೆಸರನ್ನೇ ಇಟ್ಟಿದ್ದಾರೆ.

* ಗ್ಯಾಸ್ ಗೀಸರ್ ಬಾತ್‌ರೂಮಿನ ಹೊರಗೆ, ಗಾಳಿಯಾಡುವ ಜಾಗದಲ್ಲೇ ಇರಲಿ.

* ಒಳಗೇ ಇದ್ದರೆ ಇವತ್ತೇ ಹೊರಗೆ ಹಾಕಿಸುವ ಏರ್ಪಾಡು ಮಾಡಿ. ಅಲ್ಲಿಯವರೆಗೆ ಬಾಗಿಲು ಹಾಕುವ ಮುಂಚೆ ನೀರು ತುಂಬಿಸಿಕೊಂಡು, ಗೀಸರ್ ಆಫ್ ಮಾಡಿ, ಗಾಳಿಯಾಡಲು ಬಿಟ್ಟು, ಆಮೇಲೆ ಸ್ನಾನ ಮಾಡಿ.

* ಸ್ನಾನಕ್ಕೆ ಹೋದವರು ತುಂಬಾ ಹೊತ್ತಾದರೂ ಬಾರದಿದ್ದರೆ ಸಂಕೋಚ ಬೇಡ, ಬಾಗಿಲು ತಟ್ಟಿ. ಬಿದ್ದಿದ್ದರೆ ಕಿಟಕಿ ಬಾಗಿಲು ತೆರೆದು, ಗ್ಯಾಸ್ ಆಫ್ ಮಾಡಿ, ಅವರನ್ನು ಬಯಲು ಗಾಳಿಗೆ ತಂದು 108ಕ್ಕೆ ಫೋನ್ ಮಾಡಿ. ವೈದ್ಯರಿಗೆ ಗ್ಯಾಸ್ ಗೀಸರ್ ಉರಿಯುತ್ತಿತ್ತು ಎಂಬುದನ್ನು ಮರೆಯದೆ ಹೇಳಿ. ಚಿಕಿತ್ಸೆಗೆ ಅದು ಬಹಳ ಮುಖ್ಯ.

ಅಡುಗೆಮನೆಗೂ ಇದೇ ಪಾಠ. ಉರಿ ಎಷ್ಟೇ ನೀಲಿಯಾಗಿದ್ದರೂ ಅಡುಗೆ ಮಾಡುವಾಗ ಕಿಟಕಿ ತೆರೆದಿರಲಿ, ಎಕ್ಸಾಸ್ಟ್ ಫ್ಯಾನ್ ತಿರುಗುತ್ತಿರಲಿ. ಸೊಳ್ಳೆ ಬರುತ್ತೆ ಅಂತ ಸಂಜೆ ಎಲ್ಲ ಮುಚ್ಚಿಬಿಡುವವರು ಕಿಟಕಿಗೆ ಮೆಶ್ ಹಾಕಿಸಿ. ಸೌದೆ, ಸೀಮೆಎಣ್ಣೆಯಂಥ ಹೊಗೆಯ ಉರುವಲುಗಳಿಂದ ಮನೆಯೊಳಗೆ ಕೆಡುವ ಗಾಳಿ 2020ರಲ್ಲಿ ಜಗತ್ತಿನಲ್ಲಿ 32 ಲಕ್ಷ ಜೀವ ತೆಗೆದಿದೆ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹೊಗೆಯ ಒಲೆ ಬಿಟ್ಟು ಗ್ಯಾಸಿಗೆ ಬಂದ ನಾವು ಅದರ ಲಾಭವನ್ನು ಪೂರ್ತಿ ಪಡೆಯಬೇಡವೇ?

ಮಗಳ ಮನೆಯ ಪೆಲೆಟ್ ಒಲೆ

ಅಮೆರಿಕದ ಚಳಿ ಊರಿಗೆ ಮಗಳ ಬಾಣಂತನಕ್ಕೆ ಹೋಗುವ ಅಮ್ಮಂದಿರಿಗೂ ಒಂದು ಕಿವಿಮಾತು. ಅಲ್ಲಿ ಕೆಲವು ಮನೆಗಳಲ್ಲಿ ಮನೆ ಬೆಚ್ಚಗಿಡಲು ಪೆಲೆಟ್ ಒಲೆ ಇರುತ್ತದೆ. ಮರದ ಪುಡಿಯನ್ನು ಒತ್ತಿ ಮಾಡಿದ ಸಣ್ಣ ಸಣ್ಣ ತುಂಡುಗಳೇ ಪೆಲೆಟ್. ಇಲ್ಲಿ ನೀಲಿ ಉರಿ ಹುಡುಕಬೇಡಿ! ಚುರುಕಾದ, ಹೊಳೆಯುವ ಹಳದಿ ಉರಿಯೇ ಅಲ್ಲಿ ಸರಿ. ಉರಿ ಮಂಕಾಗಿ, ಕಡು ಕಿತ್ತಳೆಯಾಗಿ, ತುದಿ ಕಪ್ಪಾಗಿ, ಮುಂದಿನ ಗಾಜಿಗೆ ಮಸಿ ಕಟ್ಟುತ್ತಿದ್ದರೆ ಗಾಳಿ ಸಾಲದು. ಒಲೆ ಆರಿ ತಣ್ಣಗಾದ ಮೇಲೆ ಉರಿಯುವ ಬಟ್ಟಲಿನ ಬೂದಿ, ಗಟ್ಟಿಗಟ್ಟಿದ ಕಿಟ್ಟ ತೆಗೆಯಬೇಕು. ತೇವ ಹಿಡಿದ, ಪುಡಿಯಾದ ಪೆಲೆಟ್ ಹಾಕಬಾರದು. ಆಮೇಲೂ ಸರಿಹೋಗದಿದ್ದರೆ ಗಾಳಿಯ ಕಿಂಡಿಯನ್ನು ಸ್ವಲ್ಪ ಸ್ವಲ್ಪವೇ ತೆರೆಯಬೇಕು. ಉರಿ ಊದಿದಂತೆ ಹಾರಾಡಿ ಕೆಂಡವೇ ಬಟ್ಟಲಿನಿಂದ ಸಿಡಿದರೆ ಗಾಳಿ ಜಾಸ್ತಿಯಾಯ್ತು ಅಂತ.

ಪೆಲೆಟ್ ಒಲೆ ನಮಗೂ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳ ತಂತ್ರಜ್ಞಾನದಿಂದ 'ಊರ್ಜಾ' ಎಂಬ ಅಡುಗೆ ಒಲೆ 2006ರಲ್ಲಿ ಮಾರುಕಟ್ಟೆಗೆ ಬಂದಿತ್ತು. ಕೃಷಿ ತ್ಯಾಜ್ಯದ ಪೆಲೆಟ್, ಬ್ಯಾಟರಿಯಿಂದ ತಿರುಗುವ ಪುಟ್ಟ ಫ್ಯಾನು. ಅಜ್ಜಿಯ ಊದುಗೊಳವೆಯ ಕೆಲಸ ಈ ಫ್ಯಾನ್ ಮಾಡುತ್ತಿತ್ತು! ಮುಂದೆ ಪೆಲೆಟ್ ಬೆಲೆ ಏರಿ ಮನೆಗಳಲ್ಲಿ ಅದರ ಬಳಕೆ ಇಳಿಯಿತು.

ನೀವು ಕೇಳುವ ಪ್ರಶ್ನೆಗಳು

ಹೊಸ ಒಲೆ ಕೊಳ್ಳುವಾಗ ಏನು ನೋಡಬೇಕು?
ಐಎಸ್‌ಐ ಗುರುತು ಇರಲೇಬೇಕು. ಈ ಗುರುತು ಪಡೆಯಲು ಒಲೆಯ ಬಿಸಿಯಲ್ಲಿ ಕನಿಷ್ಠ ಶೇ. 68ರಷ್ಟು ಪಾತ್ರೆಗೆ ತಲುಪಬೇಕು. ಅಂಗಡಿಯಲ್ಲಿ ಹೊಳಪು, ಗಾಜಿನ ಡಿಸೈನ್ ನೋಡಿ ಮರುಳಾಗಬೇಡಿ. ಬರ್ನರ್ ಬಿಡಿಸಿ ತೊಳೆಯುವುದು ಸುಲಭವೇ, ಬಿಡಿ ಭಾಗ ಸಿಗುತ್ತದೆಯೇ ಅಂತ ಕೇಳಿ.

ಒಲೆಯ ರಬ್ಬರ್ ಪೈಪ್ ಎಷ್ಟು ದಿನ ಬಾಳುತ್ತೆ?
ಕಿತ್ತಳೆ ಬಣ್ಣದ ಸುರಕ್ಷಾ ಪೈಪ್ ಆದರೆ 5 ವರ್ಷಕ್ಕೊಮ್ಮೆ ಬದಲಿಸಿ. ಬಿರುಕು ಕಂಡರೆ ಅಷ್ಟೂ ಕಾಯಬೇಡಿ. ಪೈಪಿನ ಮೇಲೆ ಬಟ್ಟೆ, ಪ್ಲಾಸ್ಟಿಕ್ ಹೊದಿಸಬೇಡಿ, ಬಿರುಕು ಕಾಣಿಸದೇ ಹೋಗುತ್ತದೆ.

ಗ್ಯಾಸ್ ವಾಸನೆ ಬಂದರೆ?
ಲೈಟಿನ ಸ್ವಿಚ್ ಹಾಕಲೂಬೇಡಿ, ಆರಿಸಲೂಬೇಡಿ. ದೇವರ ದೀಪ, ಊದುಬತ್ತಿ ನಂದಿಸಿ. ರೆಗ್ಯುಲೇಟರ್ ಆಫ್ ಮಾಡಿ, ಕಿಟಕಿ ಬಾಗಿಲು ತೆರೆಯಿರಿ. ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲೇ ಹರಡುತ್ತದೆ, ಬೇಗ ಹೋಗುವುದಿಲ್ಲ. ಮನೆಯಿಂದ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಗ್ಯಾಸ್ ಸೋರಿಕೆಗೆಂದೇ ಇರುವ ದಿನದ 24 ಗಂಟೆಯ ಸಹಾಯವಾಣಿ ಇದು. ಸೋರಿಕೆ ಪರೀಕ್ಷೆಗೆ ಸೋಪಿನ ನೊರೆ ಬಳಸಿ. ಬೆಂಕಿಕಡ್ಡಿ ಗೀರಿ ನೋಡುವ ದುಸ್ಸಾಹಸ ಯಾವತ್ತೂ ಬೇಡ.

ಉರಿ ಸರಿಯಾದ ಮೇಲೂ ಗ್ಯಾಸ್ ಉಳಿಸೋದು ಹೇಗೆ?
ಬೇಳೆ, ಕಾಳು ನೆನೆಸಿಟ್ಟು ಬೇಯಿಸಿ. ಕುಕ್ಕರ್ ಬಳಸಿ. ಮೊದಲ ಕುದಿ ಬಂದ ಮೇಲೆ ಸಿಮ್ ಮಾಡಿ, ಮುಚ್ಚಳ ಮುಚ್ಚಿ. ಕುದಿಯುವ ನೀರು ಎಷ್ಟು ಜೋರಾಗಿ ಕುದಿದರೂ ಬಿಸಿ ಹೆಚ್ಚುವುದಿಲ್ಲ! ತರಕಾರಿ ಹೆಚ್ಚಿ, ಒಗ್ಗರಣೆ ಡಬ್ಬಿ ಪಕ್ಕಕ್ಕಿಟ್ಟುಕೊಂಡು ಆಮೇಲೆ ಒಲೆ ಹಚ್ಚಿ. ಫ್ರಿಜ್‌ನಿಂದ ತೆಗೆದ ಹಾಲು ಸ್ವಲ್ಪ ಹೊತ್ತು ಹೊರಗಿರಲಿ.

ನೆನಪಿಗೊಂದು ಪಟ್ಟಿ

* ದಿನಾ: ಉಕ್ಕಿದ್ದನ್ನು ಒಲೆ ತಣ್ಣಗಾದ ಕೂಡಲೇ ಒರೆಸಿ.
* ವಾರಕ್ಕೊಮ್ಮೆ: ಲೈಟ್ ಆರಿಸಿ ಉರಿಯ ಬಣ್ಣ ನೋಡಿ.
* ಹದಿನೈದು ದಿನಕ್ಕೊಮ್ಮೆ: ಬರ್ನರ್ ನೆನೆಸಿ ತೊಳೆಯಿರಿ.
* ವರ್ಷಕ್ಕೊಮ್ಮೆ: ಮೆಕ್ಯಾನಿಕ್ ಕರೆಸಿ ಜೆಟ್, ಕೊಳವೆ, ನಾಬ್, ಪೈಪ್ ಪರೀಕ್ಷೆ ಮಾಡಿಸಿ.

ಮನೆಯವರ ಶುಗರ್, ಅತ್ತೆಯವರ ಬಿಪಿ, ಮಕ್ಕಳ ಜ್ವರ ಎಲ್ಲವನ್ನೂ ಲೆಕ್ಕ ಇಟ್ಟುಕೊಂಡು ನೋಡಿಕೊಳ್ಳುವವರು ನೀವು. ಇಡೀ ಮನೆಗೆ ಅನ್ನ ಬೇಯಿಸುವ ಒಲೆಯ ಆರೋಗ್ಯವನ್ನೂ ಆ ಪಟ್ಟಿಗೆ ಸೇರಿಸಿ. ಅದರ ಮುಂದೆ ನಿಂತು ಉಸಿರಾಡುವವರು ನೀವೇ ಅಲ್ಲವೇ?